ಚರಗದ ಗೆರೆ

ಹುನಗುಂದ
18 ನವೆಂಬರ್ 2024

ಜಾನಕಿಬಾಯಿ ಮೇಡಂ ಅವರಿಗೆ,

ನಮಸ್ಕಾರ್ರಿ. ನಾ ನೇತ್ರಾ. ನೀವು ನನ್ನ ನೋಡಿಲ್ಲ, ನಾ ನಿಮ್ಮನ್ನ ಭಾಳ ನೋಡೇನಿ. ನಿಮ್ಮ ಲೆಕ್ಚರ್ ವಿಡಿಯೋ ಎಷ್ಟು ಸಲ ನೋಡೇನಂದ್ರ, "ನೆಲಕ್ಕೆ ನೀವು ಕೆಲಸ ಕೊಡುವ ಮೊದಲು ಅದು ಈಗಾಗಲೇ ಏನು ಮಾಡುತ್ತಿದೆ ನೋಡಿ" ಅಂತ ಅನ್ನೂಕಿಂತ ಮುಂಚೆ ನೀವು ಚಷ್ಮಾ ತಗೀತೀರಲ್ಲ, ಅದು ಯಾವಾಗ ಅಂತ ಸುದ್ದಾ ಗೊತ್ತೈತಿ. ನಮ್ಮ ಕ್ಲಾಸಿನಾಗ ನಿಮ್ಮ ಹೆಸರಿಲೆ ಒಂದು ವಾಟ್ಸಾಪ್ ಗ್ರೂಪ್ ಐತ್ರಿ. ನಾಕು ಮಂದಿ ಮೆಂಬರ್ಸ್. ಇಬ್ಬರು ಮ್ಯೂಟ್ ಮಾಡ್ಯಾರ. ಅಡ್ಮಿನ್ ನಾನಽ.

ಒಂದು ವಿಡಿಯೋದಾಗ ನೀವು, ನನ್ನ ಕಡೆ ಮೊಬೈಲ್ ಇಲ್ಲ, ಪ್ರಶ್ನೆ ಇದ್ರ ಪತ್ರ ಬರೀರಿ ಅಂತ ಹೇಳಿ ಪುಣೆ ವಿಳಾಸ ಕೊಟ್ರಿ. ಹಾಲ್‌ನ್ಯಾಗ ಕುಂತವ್ರೆಲ್ಲ ನಕ್ರು. ನಾ ವಿಡಿಯೋ ನಿಲ್ಸಿ ಬರ್ಕೊಂಡ್ನಿ. ಸಾಲ್ಯಾಗ ರಜಾಚೀಟಿ ಬರ್ದಿದ್ದು ಬಿಟ್ರ ಇದಽ ನನ್ನ ಮೊದಲನೇ ಪತ್ರ. ನನ್ನ ಬರವಣಿಗಿ ಎಲ್ಲಾ ಚಾಟ್‌ನ್ಯಾಗ ಕಲ್ತಿದ್ದು, ಮಾತಾಡಿದಂಗ ಬರೀತೇನಿ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನಾ ಬಾಗಲಕೋಟಿಯೊಳಗ ಆರ್ಕಿಟೆಕ್ಚರ್ ಮುಗಿಸೇನಿ. ಈಗ ಮೈಸೂರಾಗ ಲ್ಯಾಂಡ್‌ಸ್ಕೇಪ್ ಎಂ.ಆರ್ಕ್, ಕೊನೀ ವರ್ಷ. ಮನಿಗೆ ಬಂದವ್ರು ಕೇಳಿದ್ರ ಹಿಂಗ ಆಗತೈತಿ: "ಏನ ಓದ್ತಾಳ ನಿಮ್ಮ ಹುಡುಗಿ?" "ಗಾರ್ಡನ್ ಮಾಡೂದು." "ಅದಕ್ಕೂ ಓದ್ಬೇಕನ?" ನಮ್ಮಪ್ಪ ಹುನಗುಂದ ಕೋರ್ಟಿನಾಗ ಗುಮಾಸ್ತ. ಅವರು ಮಾತ್ರ "ನೆಲದ ಓದು" ಅಂತಾರ. ಆ ಮಾತಿಗೆ ನಾ ಅವರಿಗೆ ಏನ ಕೊಟ್ರೂ ಕಡಿಮಿ.

ಜನವರಿಯಿಂದ ಥೀಸಿಸ್. ಸೈಟ್ ನಮ್ಮ ಹೊಲಾನಽ ಹಿಡಿದೇನಿ, ಅದಕ್ಕ ಈಗ ಹೆಚ್ಚಾಗಿ ಊರಾಗಽ ಇರ್ತೇನಿ. ಇಳಕಲ್ ರಸ್ತೇದ ಕಡೆ ಕರೀ ಮಣ್ಣಿನ ಎರಿ ಭೂಮಿ, ಅದರ ತುದಿಗೆ ಕಲ್ಲು ತಗದು ಬಿಟ್ಟ ಖಣಿ. ಆ ಕೆಂಪು ಗ್ರಾನೈಟ್ ಎಲ್ಲೆಲ್ಲೋ ದೊಡ್ಡ ದೊಡ್ಡ ಹೋಟೆಲ್ ನೆಲ ಆಗೈತಿ, ಇಲ್ಲಿ ತಗ್ಗು ಉಳದೈತಿ. ತಗ್ಗಿನಾಗ ಮಳಿ ನೀರು. ಮೂರು ಕಡೆ ಕಡದ ಗೋಡಿ, ಒಂದ ಕಡೆ ಇಳಿಜಾರು. ಆ ನೀರಿಗೆ ಮಂದಿ, ದನ, ಆಡು ಎಲ್ಲಾ ಹೆದರಿಕಿಲ್ದ ಇಳೀಬೇಕು, ಅದು ನನ್ನ ಥೀಸಿಸ್. ಎಲ್ಲಿಂದ ಶುರು ಮಾಡ್ಲಿ ಅನ್ನೂದು ನನ್ನ ಪ್ರಶ್ನೆ.

ನೀವು ಬಾದಾಮಿಯವ್ರಂತ, ಖರೇನ್ರಿ?

ಪತ್ರಕ್ಕ ಬ್ಲೂ ಟಿಕ್ ಇಲ್ಲ, ಅದೊಂದು ದೊಡ್ಡ ತ್ರಾಸ.

ನಿಮ್ಮ ಅಭಿಮಾನಿ,
ನೇತ್ರಾ

*

ಪುಣೆ
4 ಡಿಸೆಂಬರ್ 2024

ಚಿ. ನೇತ್ರಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನನ್ನ ಚಷ್ಮಾದ ಭಾಗವನ್ನು ಬಿಟ್ಟು ಮುಂದಿನದನ್ನು ಎರಡು ಸಲ ಓದಿದೆ. ಗುಂಪಿನ ಉಳಿದಿಬ್ಬರಿಗೂ ಮ್ಯೂಟ್ ಮಾಡಲು ಹೇಳು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಜಾಗದ ನಡುವಿನಿಂದ ಆರಂಭಿಸುತ್ತಾರೆ. ಅಲ್ಲಿ ಒಂದು ಕೊಳ, ಇಲ್ಲಿ ಒಂದು ಮಂಟಪ. ನೀನು ಅಂಚಿನಿಂದ ಆರಂಭಿಸು. ನಿನ್ನ ಜಾಗ ಎಲ್ಲಿ ಮುಗಿಯುತ್ತದೆ, ಅದು ಮುಗಿಯಿತೆಂದು ನಿನಗೆ ಹೇಗೆ ಗೊತ್ತಾಯಿತು? ಉಪಗ್ರಹದ ಚಿತ್ರದ ಮೇಲೆ ಬೆರಳಾಡಿಸಿ ಗೆರೆ ಎಳೆಯಬೇಡ. ಅಂಚನ್ನು ಕಾಲಿನಿಂದ ನಡೆದು ನೋಡು. ಎಲ್ಲಿ ಕಾಲು ತಾನಾಗಿ ತಿರುಗುತ್ತದೆ, ಎಲ್ಲಿ ಅನುಮಾನಿಸುತ್ತದೆ, ಗುರುತು ಹಾಕಿಕೋ. ಆಮೇಲೆ ಬರೆ.

ನಿನ್ನ ತಂದೆಯ ಮಾತು ಚೆನ್ನಾಗಿದೆ. ನಾಲ್ಕು ದಶಕ ಈ ವೃತ್ತಿಯಲ್ಲಿದ್ದೂ ನಾನು ಯಾರಿಗೂ ಅಷ್ಟು ಚಿಕ್ಕದಾಗಿ ಹೇಳಲು ಆಗಲಿಲ್ಲ.

ಹೌದು, ಬಾದಾಮಿಯವಳು. ಹೋಗದೆ ಬಹಳ ಕಾಲವಾಯಿತು. ಅದರ ಬಗ್ಗೆ ಕೇಳಬೇಡ.

ಜಾನಕಿಬಾಯಿ

*

ಹುನಗುಂದ
2 ಜನವರಿ 2025

ಮೇಡಂ,

ರಿಪ್ಲಾಯ್ ಬಂತು! ಪೋಸ್ಟ್‌ಮನ್ ಕೈಯಾಗಿಂದ ಇಸ್ಕೊಂಡು ಓಣ್ಯಾಗಽ ಓದೇನಿ. ನಮ್ಮಪ್ಪನ ಅವ್ವ ಗುರುಲಿಂಗವ್ವ, ನಮಗೆಲ್ಲ ಆಯಿ, ಬಾಗಲಾಗ ನಿಂತು "ನೌಕರಿ ಬಂತೇನ ಯವ್ವಾ?" ಅಂದ್ಳು. "ಅದಕಿಂತ ದೊಡ್ಡದು" ಅಂದ್ನಿ. "ಹಂಗಾದ್ರ ವರ ಬಂದಿರ್ಬೇಕು" ಅಂದ್ಳು.

ಅಂಚು ನಡೀ ಅಂದ್ರಿ. ನಡೆದ್ನಿ. ಅದೂ ಎಂಥಾ ದಿನ ಅಂತೀರಿ, ಎಳ್ಳ ಅಮಾಸಿ ದಿನ! ನಿಮಗ ಹೇಳೂದೇನೈತಿ, ನಮ್ಮ ಕಡೆ ಅವತ್ತು ಮನೀಮಂದೆಲ್ಲ ಬುಟ್ಟಿ ಹೊತ್ಕೊಂಡು ಹೊಲಕ್ಕ ಹೊಕ್ಕಾರ, ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು ಪೂಜಿ ಮಾಡಿ, ಅಡಗಿ ಎಲ್ಲಾ ಕಲಸಿ ಹೊಲದ ಸುತ್ತ ಚರಗ ಚೆಲ್ತಾರ. ಭೂಮಿತಾಯಿ ಬಸರ, ಆಕಿಗೆ ಬಯಕಿ ಊಟ. ಮುಂದ ಅಪ್ಪ ಕೂಗ್ಕೋತ ಚೆಲ್ತಾರ, ಹಿಂದ ಒಬ್ರು ನೀರು ಬಿಡ್ತಾರ, ಅವರ ಹಿಂದ ಹುಡುಗ್ರು. ನಾ ಸಣ್ಣಾಕಿದ್ದಾಗಿಂದ ಆ ಸಾಲಿನಾಗ ಅಡ್ಡ್ಯಾಡಿದಾಕಿ. ಈ ಸಲ ಕೈಯಾಗ ಪೆನ್ಸಿಲ್ಲು, ಹಲಗಿ.

"ಏ ನೇತ್ರಾ, ಕಡಬು ಚೆಲ್ಲಾಕ ಬಂದೀಯೋ ಪಂಚನಾಮಿ ಮಾಡಾಕ ಬಂದೀಯೋ?" ಅಂತ ಅಪ್ಪ.

ಎದಿಮಟ ಬಿಳಿಜೋಳ, ನಡುವ ಕುಸಬಿ ಸಾಲು. ಬನ್ನಿ ಗಿಡದಿಂದ ಹಳ್ಳದ ಬದು, ಅಲ್ಲಿಂದ ಖಣಿ ಹಿಂದಿನ ಇಳಿಜಾರು ಸುತ್ತು ಹೊಡದು, ಹೊಂಗಿ ಗಿಡದ ಕಡಿಂದ ಮತ್ತ ಬನ್ನಿ ಗಿಡಕ್ಕ. ನೀವು ಹೇಳಿದಂಗ ಕಾಲು ಎಲ್ಲಿ ತಿರಗ್ತಾವ ನೋಡಿದ್ನಿ. ಎಲ್ಲೂ ಅನುಮಾನಿಸ್ಲಿಲ್ರಿ! ಅಪ್ಪ ಕಣ್ಣು ಮುಚ್ಚಿ ನಡದ್ರೂ ಅದಽ ಗೆರಿ. ಜಗತ್ತಿನಾಗ ಯಾರ ಸೈಟಿಗೂ ಇಂಥಾ ಬೌಂಡರಿ ಇರಾಂಗಿಲ್ಲ. ಅದರ ಟ್ರೇಸಿಂಗ್ ಪತ್ರದ ಜೋಡಿ ಇಟ್ಟೇನಿ. ಖಣಿ ಇಳಿಜಾರು ಪೂರಾ ಒಳಗ ಬಂದೈತಿ, ನನ್ನ ಮೆಟ್ಟಲಾ, ದನ ಇಳಿಯೂ ದಾರಿ, ಎಲ್ಲಾ ಅಲ್ಲೇ. ನಿಮ್ಮ ಒಂದು ಮಾತಿನಿಂದ ಅರ್ಧ ಥೀಸಿಸ್ ಆತು. ನಿಮ್ಮ ಉಪಕಾರ ಹೆಂಗ ತೀರ್ಸಲಿ?

ಇನ್ನೊಂದು. ಮೇಡಂ ಅಂದ್ರ ಮೈಸೂರಿನ ಕಾಲೇಜ್ ನೆನಪಾಗತೈತಿ. ನಮ್ಮ ಕಡೆ ಸಾಲಿ ಕಲಿಸೂ ಹೆಣ್ಮಕ್ಕಳಿಗೆ ಅಕ್ಕಾರ ಅಂತೇವಲ್ರಿ. ಹಂಗ ಕರೀಲೇನ್ರಿ?

ನೇತ್ರಾ

*

ಪುಣೆ
21 ಜನವರಿ 2025

ಚಿ. ನೇತ್ರಾಳಿಗೆ,

ಟ್ರೇಸಿಂಗ್ ನೋಡಿದೆ. ಕಿಟಕಿಯ ಗಾಜಿಗೆ ಅಂಟಿಸಿ ಎರಡು ದಿನ ನೋಡಿದೆ. ಗೆರೆಯಲ್ಲಿ ಅಳುಕಿಲ್ಲ. ಹಬ್ಬದ ನಡಿಗೆಯಿಂದ ಜಾಗದ ಅಂಚನ್ನು ಪಡೆದ ವಿದ್ಯಾರ್ಥಿಯನ್ನು ನಾನು ಇದುವರೆಗೆ ಕಂಡಿಲ್ಲ. ಇದರ ಮೇಲೆಯೇ ಕಟ್ಟು.

ನಮ್ಮ ಮನೆಯ ಹೊಲ ಬಾದಾಮಿಯಿಂದ ಕೆರೂರಿಗೆ ಹೋಗುವ ದಾರಿಯಲ್ಲಿತ್ತು. ಚರಗದ ಹಿಂದೆ ನೀರು ಬಿಡುವ ತಂಬಿಗೆ ನನ್ನ ಕೈಯಲ್ಲಿರುತ್ತಿತ್ತು. ಯಾರಿಗೂ ಹೇಳದೆ ಬಹಳ ವರ್ಷ ಆಗಿದ್ದ ಮಾತು. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಇಳಿಜಾರಿನಲ್ಲಿ ಮೆಟ್ಟಿಲಿನ ಎತ್ತರ ಕಡಿಮೆ ಇರಲಿ. ಆಡು ಎಲ್ಲಿ ಬೇಕಾದರೂ ಇಳಿಯುತ್ತದೆ, ಎಮ್ಮೆ ಇಳಿಯುವುದಿಲ್ಲ.

ಅಕ್ಕಾರ ಎನ್ನಲು ಅಡ್ಡಿಯಿಲ್ಲ.

ಜಾನಕಿಬಾಯಿ

*

ಹುನಗುಂದ
8 ಮಾರ್ಚ್ 2025

ಅಕ್ಕಾರ,

ಭಾಳ ಕೆಟ್ಟದಾಗೇತ್ರಿ.

ಹೋದ ವಾರ ಮೈಸೂರಾಗ ಮಿಡ್ ರಿವ್ಯೂ ಇತ್ತು. ಹಾಳಿ ಎಲ್ಲಾ ಗ್ವಾಡಿಗೆ ಹಚ್ಚಿ ಸಂಭ್ರಮದಾಗ ನಿಂತಿದ್ನಿ. ನಿಮ್ಮ ಎಮ್ಮಿ ಮೆಟ್ಟಲಾ ಸುದ್ದಾ ಇದ್ವು. ಗೈಡ್ ಸರ್ ಕೇಳಿದ್ದು ಒಂದಽ: "ಬೌಂಡರಿಯ ಸರ್ವೇ ನಕ್ಷೆ ಎಲ್ಲಿ?" ಸೆಟಲೈಟ್ ಚಿತ್ರ ಬ್ಯಾಡ, ನಡೆದು ನೋಡೇನಿ ಸರ್ ಅಂದ್ನಿ. "ನಡೆದಿದ್ದು ಸರಿ. ತರಿಸಿ ನೋಡೋಣ" ಅಂದ್ರು. ಅಪ್ಪ ಮರುದಿನಽ ತಾಲೂಕು ಆಫೀಸಿನಿಂದ ನಕಾಶಿ, ಪಹಣಿ ಉತಾರ ಎರಡೂ ತಗಿಸಿ ಫೋಟೋ ಕಳಿಸಿದ್ರು. ಮತ್ತ ಎಲ್ಲಾರ ಮುಂದ ನನ್ನ ಗೆರಿ ಮ್ಯಾಲ ಇಟ್ಟು ನೋಡಿದ್ವಿ.

ಇಳಿಜಾರು ನಮ್ದಲ್ಲ.

ಖಣಿ ಹಿಂದಿನ ಆ ಪಟ್ಟಿ ಪೂರಾ ಬಾಜೂ ಹೊಲದವ್ರದು, ಅಮೀನಬಿ ಅವರ ಮನಿತನದ್ದು. ನಮ್ದು ಖಣಿಯ ಈಚೆ ದಂಡಿಗೇ ಮುಗೀತೈತಿ, ಅಲ್ಲಿ ಕಡದ ಗೋಡಿ. ಅಲ್ಲಿಂದ ನೀರಿಗೆ ಇಳೀಬೇಕಂದ್ರ ಜಿಗೀಬೇಕು. ಅಂದ್ರ ನನ್ನ ಮೆಟ್ಟಲಾ, ದಾರಿ, ಎಲ್ಲಾ ಮಂದಿ ಹೊಲದಾಗ.

ಒಬ್ರು ಮೇಡಂ ನಕ್ಕೋತ, "ನಿಮ್ಮ ಊರಲ್ಲಿ ಪೂಜೆ ಮಾಡಿದರೆ ಜಮೀನು ನಿಮ್ಮದಾಗುತ್ತಾ?" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ನಿ. ಹಾಸ್ಟೆಲಿಗೆ ಬಂದು ಅತ್ನಿ.

ಗೈಡ್ ಸರ್ ಕೆಟ್ಟವ್ರಲ್ಲ. ಮೇ ತಿಂಗಳ ಜ್ಯೂರಿ, ಅಂದ್ರ ಕೊನೀ ಪರೀಕ್ಷಾದಾಗ ಇದನ್ನ ಸರಿ ಮಾಡಿ ತೋರ್ಸು, ಇಲ್ಲಾಂದ್ರ ವರ್ಷ ಬಿಟ್ಟು ಬ್ಯಾರೇ ಸೈಟ್ ತಗೊಂಡು ಮಾಡು ಅಂದ್ರು. ಒಂದು ವರ್ಷ ಅಂದ್ರ ನನಗ ಒಂದು ವರ್ಷ ಅಲ್ರಿ. ಒಮ್ಮೆ ಮನ್ಯಾಗ ಕುಂತ್ನಿ ಅಂದ್ರ ಮದವಿ ಮಾತು ಶುರು ಆಗತೈತಿ, ಮತ್ತ ಮೈಸೂರಿಗೆ ಕಳಸಂಗಿಲ್ಲ. ಓದು ಅಲ್ಲಿಗೆ ಮುಗೀತು.

ಗೆರಿ ಗಟ್ಟಿ ಐತಿ, ಅದರ ಮ್ಯಾಲೇ ಕಟ್ಟು ಅಂದಿದ್ರಿ. ನಿಮ್ಮ ಮ್ಯಾಲ ಹಾಕಾಕ ಹೇಳಾಕತ್ತಿಲ್ಲ, ನಕಾಶಿ ನೋಡಲಾರದಾಕಿ ನಾನಽ. ಆದ್ರ ಈಗ ಏನು ಮಾಡ್ಲಿ? ಪಟ್ಟಿ ಬಿಟ್ಟು ಮತ್ತ ಮೊದಲಿಂದ ಮಾಡ್ಲ್ಯಾ? ಒಂದಽ ಸಾಲು ಬರೀರಿ, ಸಾಕು.

ನೇತ್ರಾ

*

ಹುನಗುಂದ
29 ಮಾರ್ಚ್ 2025

ಅಕ್ಕಾರ,

ದಿನಾ ಪೋಸ್ಟ್‌ಮನ್ ದಾರಿ ಕಾಯ್ತೇನಿ. ಅವರೀಗ ಓಣಿ ತುದಿಯಿಂದಽ ಕೈ ಅಲ್ಲಾಡಸ್ತಾರ.

ಸಿಟ್ಟಾಗೀರೇನ್ರಿ? ನಕಾಶಿ ನೋಡಲಾರ್ದ ಗೆರಿ ಕಳಿಸಿ ನಿಮ್ಮನ್ನೂ ತಪ್ಪಿಗೆ ಎಳದ್ನಿ ಅಂತೀರಿ? ಹಂಗಿದ್ರ ಬೈದು ಒಂದು ಕಾರ್ಡ್ ಹಾಕ್ರಿ. ಬೈಗಳಾನೂ ಪಿನ್ ಮಾಡಿ ಇಟ್ಕೋತೇನಿ.

ಆಯಿಗೆ ಕೇಳಿದ್ನಿ, ಆ ಪಟ್ಟಿ ನಮ್ದಲ್ಲ ಅಂತ ನಿನಗ ಗೊತ್ತಿತ್ತಾ? "ಅಯ್ಯ, ಅಮೀನಬಿದಲ್ಲಾ? ಗೊತ್ತಿರಲಾರ್ದ ಏನು." ಮತ್ತ ಯಾಕ ಹೇಳ್ಲಿಲ್ಲ? "ನೀ ಕೇಳಿದ್ದಿಯೇನು?" ಹಂಗಾದ್ರ ಚರಗ ಅದರ ಸುತ್ತ ಯಾಕ ಚೆಲ್ತೇವಿ? ಆಯಿ ಅಕ್ಕಿ ಆರಿಸೂದು ನಿಲ್ಲಿಸಿ ನನ್ನ ಮಾರಿ ನೋಡಿ, "ನಿಮ್ಮ ಅಜ್ಜ ಇದ್ದಾಗಿಂದ ಹಂಗಽ ಐತಿ. ಅಮೀನಬಿಗೇ ಕೇಳು. ಆಕಿ ಚೊಲೋ ಹೇಳ್ತಾಳ" ಅಂದ್ಳು.

ಅಪ್ಪ ಆ ಕಡೆ ಕುಂತಲ್ಲಿಂದಽ, "ಹಂಗಾದ್ರ ಮುಂದಿನ ವರ್ಷದಿಂದ ನಮ್ಮ ಬದುವಿನ ಮ್ಯಾಲಽ ತಿರುಗಿದ್ರಾತು ಬಿಡು, ನಕಾಶಿ ಹೆಂಗೂ ಕೈಯಾಗೈತಿ" ಅಂದ್ರು. ಆಯಿ ಮತ್ತ ಅಕ್ಕಿ ಆರಸಾಕ ಹತ್ತಿದ್ಳು.

ನೇತ್ರಾ

*

ಹುನಗುಂದ
17 ಏಪ್ರಿಲ್ 2025

ಅಕ್ಕಾರ,

ನೀವು ಓದಾಕತ್ತೀರೋ ಇಲ್ಲೋ ಗೊತ್ತಿಲ್ಲ. ಬರೀಲಾರದ ಇರಾಕ ಆಗವಲ್ದು, ಅದಕ್ಕ ಬರೀತೇನಿ.

ಇಳಕಲ್‌ಗೆ ಅಮೀನಬಿ ಮನಿಗೆ ಹೋಗಿದ್ನಿ. ಅವರ ಮಗ ಜಲಾಲುದ್ದೀನ ಕಾಕಾ ಸಾಲಿ ಮಾಸ್ತರು. ಹಾಳಿ ಬಿಚ್ಚಿ, ನಿಮ್ಮ ಪಟ್ಟಿಯೊಳಗ ಕೇಳಲಾರ್ದ ಮೆಟ್ಟಲಾ ಕಟ್ಟೇನಿ, ಕಾಗದದ ಮ್ಯಾಲ, ತಪ್ಪಾತು ಅಂದ್ನಿ. ಕಾಕಾ ಬಗ್ಗಿ ನೋಡಿದ್ರು.

"ಅರೇ, ಚೊಲೋ ಮಾಡೀಯಲ್ಲ! ಬಿಲ್ ಎಷ್ಟಾತು?"

"ಕಾಕಾ, ಮಶ್ಕಿರಿ ಮಾಡಬ್ಯಾಡ್ರಿ."

ಅಮೀನಬಿ ಒಳಗಿಂದ ಚಾ ತಂದ್ರು. "ಯಾರ್ದು ಮಶ್ಕಿರಿ? ಇವ ಇಪ್ಪತ್ತು ವರ್ಷದಿಂದ ಹಿತ್ತಲ ಬಾಗಿಲ ಹಾಕಿಸ್ತೇನಂತಾನ. ನೀ ಕೂತಲ್ಲೇ ಮೆಟ್ಟಲಾ ಕಟ್ಟಿಬಿಟ್ಟಿ."

ಚರಗದ ಮಾತು ತಗದ್ನಿ. ಅಮ್ಮಾ, ನಾವು ನಿಮ್ಮ ಹೊಲದ ಸುತ್ತ ಯಾಕ ಚೆಲ್ತೇವಿ?

ಅವರು ನಕ್ರು. "ಅದು ನನ್ನ ಮಾವನ ಕಾಲದ್ದು ಬೇಟಾ. ನಿಮ್ಮ ಅಜ್ಜ ಸಂಗಯ್ಯ ಚರಗ ಚೆಲ್ಕೋತ ಬಂದು ಬದುವಿನ ಕಡೆ ತಿರಗಾಕ ಹತ್ತಿದ್ನಂತ. ನಮ್ಮ ಮಾವ ಆಚಿ ಕಡೆ ಜ್ವಾಳದಾಗ ನಿಂತಿದ್ರು. 'ಏ ಸಂಗಯ್ಯಾ, ಅರ್ಧಕ್ಕ ಯಾಕ ತಿರಗತೀ? ನಮ್ಮ ಜ್ವಾಳ ಏನು ಉಪಾಸ ಇರಬೇಕೇನು?' ಅಂದ್ರಂತ. ನಿಮ್ಮ ಅಜ್ಜ ಬದು ದಾಟಿ ಬಂದ. ಅವತ್ತಿಂದ ಇವತ್ತಿನ ತನಕ ನಿಮ್ಮ ಬುಟ್ಟಿ ನಮ್ಮ ಹೊಲ ಬಿಟ್ಟಿಲ್ಲ. ನಾ ಸೊಸಿಯಾಗಿ ಬಂದ ವರ್ಷ ಇಳಿಜಾರಿನ್ಯಾಗ ನಿಂತು ನೋಡಿದ್ದೆ. ಎಂಥಾ ಚಂದ ಕೂಗತಿದ್ದ ಸಂಗಯ್ಯ!"

ನನ್ನ ಗೆರಿ ತಪ್ಪಲ್ರಿ ಅಕ್ಕಾರ, ಅದಕ್ಕ ನಾ ಇಟ್ಟ ಹೆಸರು ತಪ್ಪು. ಯಾರ ಹೊಲ ಯಾವುದು ಅಂತ ಅದು ಹೇಳಾಕತ್ತಿರಲೇ ಇಲ್ಲ. ಯಾರು ಯಾರ ಬೆಳಿಗೆ ಉಣಿಸ್ತಾರ ಅಂತ ಹೇಳಾಕತ್ತಿತ್ತು. ನಾ ಅದನ್ನ ಆಸ್ತಿ ಅಂತ ಓದಿದ್ನಿ.

ಹಂಗಾದ್ರ ನನ್ನ ಮೆಟ್ಟಲಾ ಇರ್ಲೇನಮ್ಮಾ ಅಂತ ಕೇಳಿದ್ನಿ. ಅವರು ಕಪ್ಪು ಕೆಳಗಿಟ್ರು.

"ಇರ್ಲಿ. ಖರೆ ಒಂದು ಮಾತು. ನೀ ನಕಾಶಿ ತಗಿಸಿದ್ದು ಜಲಾಲ ಹೇಳ್ದ. ನಾಳೆ ನಿಮ್ಮಪ್ಪ ಆ ನಕಾಶಿ ನೋಡಿ, ನಮ್ದು ಇಲ್ಲಿಗೇ ಮುಗೀತು ಅಂತ ಬದುವಿನ ಮ್ಯಾಲ ತಿರುಗಬಾರ್ದು. ಮೆಟ್ಟಲಾ ಇಲ್ಲಾಂದ್ರೂ ನಡೀತೈತಿ. ಚರಗ ನಿಂತ್ರ ನಡೆಯಂಗಿಲ್ಲ."

ಅಪ್ಪ ಆ ಮಾತು ಆಡಿಬಿಟ್ಟಾರ ಅಂತ ನಾ ಹೇಳ್ಲಿಲ್ಲ. ಮನಿಗೆ ಬಂದು ಅಮೀನಬಿ ಹೇಳಿದ್ದು ಹೇಳಿದ್ಹಂಗ ಅಪ್ಪಗ ಹೇಳಿದ್ನಿ. ಅಪ್ಪ ಕೋರ್ಟಿನ ಅಂಗಿ ಕಳೀತಿದ್ರು. ಅರ್ಧಕ್ಕ ನಿಂತ್ರು. "ನನ್ನ ಹುಚ್ಚ ಮಾತು. ಅವರಿಗೆ ತಿಳಸಬ್ಯಾಡ" ಅಂದ್ರು.

ಈಗ ಹಾಳಿ ಮ್ಯಾಲ ಎರಡು ಗೆರಿ ಎಳೆದೇನಿ. ಒಂದು ಸರ್ಕಾರದ್ದು, ಸಣ್ಣದು, ಕರೇದು. ಇನ್ನೊಂದು ಚರಗದ್ದು, ದಪ್ಪ, ಕೆಂಪು. ಮೆಟ್ಟಲಾ, ಎಮ್ಮಿ ದಾರಿ, ನೆರಳಿನ ಗಿಡ ಎಲ್ಲಾ ಎರಡರ ನಡುವ. ಚರಗ ನಡೆಯೂ ಜಾಗದಾಗ ಏನೂ ಕಟ್ಟಿಲ್ಲ, ಖಾಲಿ ಬಿಟ್ಟೇನಿ. ಕಾಕಾ ಒಪ್ಪಿಗಿ ಬರ್ದು ಕೊಟ್ಟಾರ. ಜ್ಯೂರಿಯವ್ರು ಒಪ್ತಾರೋ ಇಲ್ಲೋ, ವರ್ಷ ಹೋಗತೈತೋ ಉಳಿತೈತೋ, ಗೊತ್ತಿಲ್ಲ.

ನೀವು ಬರೀಲಿಲ್ಲಂದ್ರೂ ನಿಮಗ ಋಣಿ. ಅಂಚು ನಡೀ ಅಂದವ್ರು ನೀವಽ.

ನೇತ್ರಾ

*

ಮೈಸೂರು
22 ಮೇ 2025

ಜಾನಕಿಬಾಯಿ ಮೇಡಂ ಅವರಿಗೆ,

ಇವತ್ತು ಜ್ಯೂರಿ ಆತು. ನಿಮಗೂ ಗೊತ್ತೈತಿ, ನೀವಽ ಬಂದಿದ್ರಿ.

ಮುಂಜಾನೆ ಹಾಲ್‌ನ್ಯಾಗ ನಿಮ್ಮನ್ನ ನೋಡಿದ್ನಿ. ಹೊರಗಿನ ಎಕ್ಸಾಮಿನರ್ ನೀವಽ! ಅದಕ್ಕಽ ಬರ್ದಿಲ್ಲೇನೋ ಅಂದ್ಕೊಂಡ್ನಿ, ಖುಷಿ ಆತು. ನೀವು ಎಲ್ಲಾರ ಹಾಳಿ ಮುಂದ ನಿಂತ್ರಿ, ಕೇಳಿದ್ರಿ, ಚಷ್ಮಾ ತಗದ್ರಿ. ಆಮ್ಯಾಲ ನನ್ನ ಹೆಸರು ಕರದ್ರು. ನೀವು ಎದ್ದು ಹೊರಗ ಹೋದ್ರಿ. ನನ್ನ ಕಡೆ ನೋಡ್ಲಿಲ್ಲ. ಬಾಗಿಲ ಮುಚ್ಚಿದ ಸಪ್ಪಳ ಬಂತು.

ಅಷ್ಟು ಕೆಟ್ಟದಿತ್ತೇನ್ರಿ ನನ್ನ ಕೆಲಸ? ಮಾರಿ ಮುಂದ ಬೈದಿದ್ರ ತಡ್ಕೋತಿದ್ನಿ.

ಉಳದ ಇಬ್ಬರು ಚೊಲೋ ಹಿಂಡಿದ್ರು. "ಬೇರೆಯವರ ಜಮೀನನ್ನ ಹೇಗಮ್ಮ ನಿನ್ನ ಡ್ರಾಯಿಂಗ್ ಒಳಗೆ ತಗೋತೀಯ?" ಅಂದ್ರು ಒಬ್ರು. "ತಗೊಂಡಿಲ್ಲ ಸರ್, ಕೇಳೀನಿ" ಅಂದ್ನಿ. ಅಮೀನಬಿ ಮಾತು ಹೇಳಬೇಕಾದ್ರ ನನ್ನ ಮೈಸೂರು ಕನ್ನಡ ಎಲ್ಲೋ ಹೋತು, ಆಯಿ ಜೋಡಿ ಮಾತಾಡಿದಂಗ ಮಾತಾಡಿಬಿಟ್ನಿ. "ಇದು ಡಿಸೈನಾ, ಪಂಚಾಯ್ತಿನಾ?" ಅಂದ್ರು ಇನ್ನೊಬ್ರು. "ನಮ್ಮ ಕಡೆ ಮೊದಲು ಪಂಚಾಯ್ತಿ ಆಗ್ಬೇಕ್ರಿ, ಆಮ್ಯಾಲ ಡಿಸೈನ್" ಅಂದ್ನಿ. ನಕ್ರೋ ಬೈದ್ರೋ ತಿಳೀಲಿಲ್ಲ. ರಿಸಲ್ಟ್ ಬರೂದು ಮುಂದಿನ ತಿಂಗಳ.

ಮುಗಿಸಿ ಹೊರಗ ಬಂದಾಗ ನೀವು ಕಾಣ್ಲಿಲ್ಲ.

ಇದು ಕೊನೀ ಪತ್ರ. ಸಿಟ್ಟಿಲೆ ಬರ್ದೇನಿ ಅಂತ ತಿಳೀಬ್ಯಾಡ್ರಿ. ನಿಮ್ಮಿಂದ ಕಲ್ತಿದ್ದು ಕಲ್ತಿದ್ದಽ.

ನೇತ್ರಾ ನಾಗಲಿಂಗ

*

ಪುಣೆ
30 ಮೇ 2025

ಚಿ. ನೇತ್ರಾಗ,

ನಿನ್ನ ಕೆಲಸ ಕೆಟ್ಟದಾಗಿತ್ತು ಅಂತ ನಾನು ಎದ್ದು ಹೋಗಲಿಲ್ಲ. ಮೊದಲು ಅದನ್ನು ತಿಳಿದುಕೋ, ಆಮೇಲೆ ಉಳಿದದ್ದು.

ನಿನ್ನ ಮಾರ್ಚ್ ತಿಂಗಳ ಮೊದಲ ಪತ್ರ ಓದಿ ಉತ್ತರ ಬರೆಯಲು ಕುಳಿತಿದ್ದೆ. ಅದೇ ವಾರ ನಿಮ್ಮ ಕಾಲೇಜಿನಿಂದ ಕರೆ ಬಂತು, ಪರೀಕ್ಷಕಳಾಗಿ ಬರಬೇಕೆಂದು. ನೇತ್ರಾ ಎಂಬ ಹುಡುಗಿಯೊಂದಿಗೆ ನನ್ನ ಪತ್ರವ್ಯವಹಾರವಿದೆ ಎಂದು ಅವರಿಗೆ ತಿಳಿಸಿದೆ. ಹಾಗಿದ್ದರೆ ಉಳಿದವರನ್ನು ನೋಡಿ, ಅವಳ ಸರದಿಗೆ ಹೊರಗಿರಿ, ಅಲ್ಲಿಯವರೆಗೆ ಪತ್ರ ಬೇಡ, ಪರೀಕ್ಷಕರ ಹೆಸರನ್ನೂ ಹೊರಗೆ ಹೇಳುವಂತಿಲ್ಲ ಎಂದರು. ಒಪ್ಪಿದೆ. ಕಾರಣವನ್ನೂ ಬರೆಯುವಂತಿರಲಿಲ್ಲ. ನಿನ್ನ ಆಮೇಲಿನ ಎರಡು ಪತ್ರಗಳನ್ನು ಒಡೆಯದೆ ಇಟ್ಟೆ, ಜ್ಯೂರಿ ಮುಗಿಸಿ ಬಂದ ಮೇಲೆಯೇ ಓದಿದೆ. ಮಾರ್ಚ್‌ನಲ್ಲಿ ಬರೆದ ನನ್ನ ಉತ್ತರವನ್ನು ಹರಿದು ಹಾಕಿದೆ. ಅದರಲ್ಲಿ, ಪಟ್ಟಿಯನ್ನು ಬಿಟ್ಟುಬಿಡು, ಗೋಡೆಯ ಕಡೆಯಿಂದಲೇ ಏನಾದರೂ ಮಾಡು ಎಂದು ಬರೆದಿದ್ದೆ. ಅದು ನಿನಗೆ ತಲುಪದಿದ್ದುದೇ ಒಳ್ಳೆಯದಾಯಿತು.

ಹೊರಗ ಹೋದೆ ಖರೆ, ದೂರ ಹೋಗಲಿಲ್ಲ. ಬಾಗಿಲ ಮಗ್ಗಲದ ಬೆಂಚಿನ ಮ್ಯಾಲೆ ಕೂತಿದ್ದೆ. ಪಂಖಾ ಸಪ್ಪಳದಾಗ ಅರ್ಧ ಕೇಳಸ್ತಿತ್ತು, ಅರ್ಧ ಇಲ್ಲ. "ನಮ್ಮ ಜ್ವಾಳ ಏನು ಉಪಾಸ ಇರಬೇಕೇನು" ಅಂತ ನೀ ಅಂದಿದ್ದು ಮಾತ್ರ ಸ್ವಚ್ಛ ಕೇಳಿಸ್ತು. ಪತ್ರ ಒಡದಿರಲಿಲ್ಲಲ್ಲ, ಆ ಮಾತು ನಾ ಅಲ್ಲೇ ಮೊದಲ ಸಲ ಕೇಳಿದ್ದು. ಅಷ್ಟ್ರಾಗ ಜವಾನ ಬಂದು "ಅಮ್ಮಾ, ಹುಷಾರಿಲ್ಲವಾ, ನೀರು ಬೇಕಾ?" ಅಂದ. ಬ್ಯಾಡ ಅಂದೆ. ಮುಖ ತೊಳಕೊಳ್ಳಲಿಕ್ಕೆ ಎದ್ದೆ. ನೀ ಹೊರಗ ಬಂದಾಗ ಕಾಣಲಿಲ್ಲ ಅಂದ್ಯಲ್ಲ, ಅದು ಅಷ್ಟಽ.

ನೋಡು, ಕೈ ತಾನಽ ಹಿಂಗ ಬರೀಲಿಕ್ಕೆ ಹತ್ತೇದ. ಇಲ್ಲೆ ಓಣಿಯೊಳಗ ಮರಾಠಿ, ಕೆಲಸದೊಳಗ ಇಂಗ್ಲಿಷ್, ನಿನಗ ಬರದದ್ದು ಪುಸ್ತಕದ ಕನ್ನಡ. ಮನೀ ಮಾತು ಆಡೋರು ಯಾರೂ ಉಳದಿರಲಿಲ್ಲ. ಬಾದಾಮಿ ಹೊಲ ನಮ್ಮ ಅಣ್ಣತಮ್ಮಂದಿರು ನಕಾಶಿ ಹಿಡಿದು ಅಳತಿ ಮಾಡಿಸಿ, ಪಾಲು ಮಾಡಿ, ಮಾರಿದ್ರು. ಅವತ್ತಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅದಕ್ಕಽ ನಾ ಆ ಕಡೆ ಹೋಗಿಲ್ಲ. ನಕಾಶಿ ನಮ್ಮ ಮನಿಯೊಳಗ ಏನು ಮಾಡಿತ್ತೋ, ನಿಮ್ಮ ಮನಿಯೊಳಗ ಅದು ಮಾಡದ್ಹಂಗ ನೀ ನೋಡಿಕೊಂಡಿ. ನನ್ನ ವಿಡಿಯೋದಾಗ ಅದರ ಪಾಠ ಇಲ್ಲ. ಅದು ನಿನ್ನದು.

ರಿಸಲ್ಟ್ ಏನೇ ಬರಲಿ, ಅದರಾಗ ನನ್ನ ಕೈ ಇಲ್ಲ. ಇದು ನಿನಗೂ ನೆನಪಿರಲಿ, ಆಡಿಕೊಳ್ಳೋರಿಗೂ ಹೇಳು.

ಮಂದಿ ಹೋದ ಮ್ಯಾಲೆ ಒಬ್ಬಾಕಿನೇ ಹಾಲ್‌ಗೆ ಹೋಗಿ ನಿನ್ನ ಹಾಳಿ ನೋಡಿದೆ. ಪರೀಕ್ಷಕಳಾಗಿ ಕೇಳಲಿಕ್ಕೆ ಬರದಿದ್ದ ಒಂದು ಪ್ರಶ್ನೆ ಉಳದದ. ನನ್ನ ಮೊಣಕಾಲು ಈಗ ಭಾಳ ಮಾತು ಕೇಳೂದಿಲ್ಲ. ಹೊಲದಿಂದ ನೀರಿನ ತನಕ ಇಳಿಯೂದ್ರಾಗ ದಣಿದವರು ಎಲ್ಲಿ ಕೂಡಬೇಕು?

ನಿನ್ನ ಅಕ್ಕಾರ,
ಜಾನಕಿ

*

ಹುನಗುಂದ
19 ಜೂನ್ 2025

ಅಕ್ಕಾರ,

ಮೊದಲು ಸುದ್ದಿ: ಪಾಸ್! ಮಾರ್ಕ್ಸ್ ಮಧ್ಯಮ, ಖರೆ ಪಾಸ್. "ಇನ್ನು ಗಾರ್ಡನ್ ಮಾಡಾಕ ಲೈಸನ್ಸ್ ಬಂತು" ಅಂತ ಆಯಿ ಓಣಿಗೆಲ್ಲ ಸಕ್ರಿ ಹಂಚ್ಯಾಳ. ಅಪ್ಪ ಕೋರ್ಟಿಗೆ ರಜಾ ಹಾಕಿ ನನ್ನ ಕರ್ಕೊಂಡು ಇಳಕಲ್‌ಗೆ ಹೋದ್ರು, ಅಮೀನಬಿಗೆ ಪೇಢೆ ಕೊಟ್ರು.

ನಿಮ್ಮ ಪತ್ರ ಓದಿ ನನ್ನ ಹಿಂದಿನ ಪತ್ರ ಡಿಲೀಟ್ ಫಾರ್ ಎವ್ರಿಒನ್ ಮಾಡ್ಬೇಕನಿಸ್ತು. ಪೋಸ್ಟಿನಾಗ ಆ ಬಟನ್ ಇಲ್ಲ. ಹರದು ಹಾಕ್ರಿ. ನೀವು ಬಾಗಲ ಹೊರಗ ಕುಂತಿದ್ದು ನನಗ ಗೊತ್ತಿದ್ರ ಒಂದು ಮಾತೂ ಹೊರಡತಿದ್ದಿಲ್ಲ. ಎದ್ದು ಹೋಗಿದ್ದಕ್ಕ ಥ್ಯಾಂಕ್ಸ್. ಬರೀಲಾರ್ದ ಇದ್ದಿದ್ದಕ್ಕೂ. ಬರ್ದಿದ್ರ ನಾ ನಿಮ್ಮ ಮಾತು ಕೇಳಿ ಪಟ್ಟಿ ಬಿಡ್ತಿದ್ನಿ, ಅಮೀನಬಿ ಮನೀ ಹೊಸ್ತಿಲಾ ತುಳಿತಿದ್ದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಎಲ್ಲೂ ಇಲ್ರಿ. ಹಾಳಿ ಬಿಚ್ಚಿ ನೋಡಿದ್ನಿ, ಮ್ಯಾಲಿಂದ ನೀರಿನ ತನಕ ಕುಂಡ್ರಾಕ ಒಂದು ಜಾಗ ಇಲ್ಲ. ಎಮ್ಮಿಗೆ ಮಾಡೇನಿ, ಆಡಿಗೆ ಮಾಡೇನಿ, ಮುದುಕರಿಗೆ ಮಾಡಿಲ್ಲ. ಇಬ್ಬರು ಎಕ್ಸಾಮಿನರ್ರಿಗೂ ಅದು ಕಾಣ್ಲಿಲ್ಲ. ಇನ್ನು ಅದಕ್ಕ ಯಾರೂ ಮಾರ್ಕ್ಸ್ ಹಾಕೂದಿಲ್ಲ. ಆದ್ರೂ ತಿದ್ದಬೇಕನಿಸ್ತು.

ನಿನ್ನೆ ಆಯಿನ್ನ, ಅಮೀನಬಿನ್ನ ಇಬ್ಬರನ್ನೂ ಹೊಲಕ್ಕ ಕರ್ಕೊಂಡು ಹೋಗಿ ಇಳಿಜಾರು ಇಳಿಸಿದ್ನಿ. ಮುಂದ ಹೋಗಲಿಲ್ಲ, ಹಿಂದ ಹಿಂದ ನಡೆದ್ನಿ. ಆಯಿ ಹೊಂಗಿ ಗಿಡದ ಸನೇಕ ನಿಂತು ಸೊಂಟದ ಮ್ಯಾಲ ಕೈ ಇಟ್ಟಳು. ಅಲ್ಲಿ ಒಂದು ಗೂಟ ಬಡದ್ನಿ.

"ಇಲ್ಲೆ ಯಾಕ ನಿಂತೀ ಗುರುಲಿಂಗವ್ವಾ? ಇನ್ನೂ ಕೆಳಗ ಗಾಳಿ ಚೊಲೋ ಬರ್ತೈತಿ" ಅಂದ್ರು ಅಮೀನಬಿ.

"ನಿನಗ ಗಾಳಿ, ನನಗ ನೆರಳು. ನೀ ಬೇಕಾರ ಹೋಗು."

"ಹೊಲ ನನ್ನದು, ನನಗಽ ಹೋಗು ಅಂತೀಯಲ್ಲ!"

"ಚರಗ ನನ್ನದು!"

ಅಮೀನಬಿ ಸಿಟ್ಟಿಲೆ ಇನ್ನೊಂದಿಷ್ಟು ಕೆಳಗ ಹೋಗಿ, ದಣದು, ನೆಲದ ಮ್ಯಾಲಽ ಕುಂತ್ರು. ಅಲ್ಲೂ ಒಂದು ಗೂಟ ಬಡದ್ನಿ. ಇಬ್ಬರೂ ಅಷ್ಟಷ್ಟು ದೂರ ಕುಂತು ಮನಿಗೆ ಹೋಗೂ ತನಕ ಜಗಳಾಡಿದ್ರು.

ಹಿಂಗಾಗಿ ಹಾಳಿ ಮ್ಯಾಲ ಎರಡು ಕಲ್ಲು ಹಾಕೇನಿ. ಕಾಗದದಾಗ ಅಷ್ಟಽ ಅಲ್ಲ, ಜಲಾಲುದ್ದೀನ ಕಾಕಾ ಖಣಿಯೊಳಗ ಬಿದ್ದ ಎರಡು ಕೆಂಪು ಕಲ್ಲು ಎಳಸಿ ಖರೇನಽ ಇಡಸ್ತಾರಂತ.

ಮೂರನೇ ಕಲ್ಲೂ ಐತ್ರಿ. ಎಲ್ಲಿ ಇಡಬೇಕು ತಿಳೀವಲ್ದು. ನೀವು ಬಂದು ಇಳೀರಿ. ಎಲ್ಲಿ ದಣೀತೀರಿ ನೋಡಿ ಅಲ್ಲೇ ಇಡ್ತೇನಿ.

ನೇತ್ರಾ